ಗಾಳಕ್ಕೆ ಎರೆಹುಳುಗಳನ್ನು ನಾವೇ ಹಿಡಿದು, ಸಾಯದ ಹಾಗೆ ಇಟ್ಟುಕೊಳ್ಳುವುದು ಹೇಗೆ?

ಅರ್ಧ ಗಂಟೆ ಅಗೆದರೂ ನಾಲ್ಕೈದು ಹುಳು ಮಾತ್ರ ಸಿಗುತ್ತವೆ, ಸಿಕ್ಕವೂ ಬೆಳಗಾಗುವಷ್ಟರಲ್ಲಿ ಸತ್ತಿರುತ್ತವೆ ಅಂತ ಬರೆದಿದ್ದೀರಿ. ಹಿಡಿಯುವುದು ಸುಲಭ. ಇಟ್ಟುಕೊಳ್ಳುವುದರಲ್ಲೇ ಎಲ್ಲರೂ ಎಡವುವುದು, ನಾನೂ ಎಡವಿದ್ದೇನೆ.

ಮೊದಲು ಗುದ್ದಲಿ ಪಕ್ಕಕ್ಕಿಡಿ. ಹಗಲು ಹೊತ್ತಿನಲ್ಲಿ, ಅದೂ ಮಣ್ಣು ಒಣಗಿದ್ದಾಗ, ಹುಳುಗಳು ಆಳಕ್ಕೆ ಇಳಿದಿರುತ್ತವೆ. ಅಗೆದರೆ ಸಿಗುವುದಕ್ಕಿಂತ ತುಂಡಾಗುವುದೇ ಜಾಸ್ತಿ. (ಒಂದು ತುಂಡಾದರೆ ಎರಡು ಹುಳು ಆಗುತ್ತವೆ ಅನ್ನುವುದು ಸುಳ್ಳು. ತಲೆ ಕಡೆಯ ತುಂಡು ಬದುಕಿದರೆ ಬದುಕೀತು, ಅಷ್ಟೇ.) ಎರೆಹುಳು ಉಸಿರಾಡುವುದು ಚರ್ಮದಿಂದ. ಆ ಚರ್ಮ ಒದ್ದೆಯಾಗಿಯೇ ಇರಬೇಕು. ಅದಕ್ಕೇ ಅವು ರಾತ್ರಿ, ನೆಲ ಚೆನ್ನಾಗಿ ನೆನೆದಿರುವಾಗ ಮೇಲೆ ಬರುತ್ತವೆ. ನೀವೂ ಆಗಲೇ ಹೋಗಬೇಕು.

ಮಳೆ ನಿಂತ ಮೇಲೆ, ಪೂರ್ತಿ ಕತ್ತಲಾದಾಗ, ಹುಲ್ಲು ಗಿಡ್ಡವಾಗಿರುವ ಜಾಗಕ್ಕೆ ಹೋಗಿ. ಮಳೆ ಇಲ್ಲವೇ? ಸಂಜೆ ಆ ಜಾಗಕ್ಕೆ ಧಾರಾಳವಾಗಿ ನೀರು ಹಾಕಿಡಿ. ಟಾರ್ಚ್ ಬೆಳಕು ನೇರ ಬಿದ್ದರೆ ಹುಳು ಸರಕ್ಕನೆ ಒಳಗೆ ಹೋಗುತ್ತದೆ, ಆದರೆ ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ, ಹಾಗಾಗಿ ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಂಡರೆ ಸಾಕು. ಹೆಜ್ಜೆ ಮೆಲ್ಲಗಿರಲಿ. ಹುಳುವಿಗೆ ಕಿವಿ ಇಲ್ಲ, ಆದರೆ ನೆಲ ಅದುರಿದ್ದು ಗೊತ್ತಾಗುತ್ತದೆ.

ಬಗ್ಗಿ ನೋಡಿ. ಹುಳು ಉದ್ದಕ್ಕೆ ಚಾಚಿಕೊಂಡಿರುತ್ತದೆ, ಒದ್ದೆ ಹುಲ್ಲಿನ ಮೇಲೆ ಮಿರಿಮಿರಿ ಹೊಳೆಯುತ್ತಿರುತ್ತದೆ, ಆದರೆ ಬಾಲ ಇನ್ನೂ ಬಿಲದೊಳಗೇ. ಯಾವ ತುದಿ ಬಿಲದಲ್ಲಿದೆ ಅಂತ ನೋಡಿಕೊಂಡು, ಬಿಲದ ಬಾಯಿಯ ಹತ್ತಿರವೇ ಎರಡು ಬೆರಳಲ್ಲಿ ಹಿಡಿಯಿರಿ. ಹಿಡಿದ ತಕ್ಷಣ ಎಳೆಯಬೇಡಿ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಗೂದಲುಗಳಿವೆ, ಅವನ್ನು ಬಿಲದ ಗೋಡೆಗೆ ಊರಿ ಬಿಗಿಯಾಗಿ ಕೂತಿರುತ್ತದೆ. ಎಳೆದರೆ ಪಟ್ ಅಂತ ಹರಿಯುತ್ತದೆ. ಬಿಡಬೇಡಿ, ಎಳೆಯಲೂ ಬೇಡಿ, ಸುಮ್ನೆ ಹಿಡಿದುಕೊಂಡಿರಿ. ಸ್ವಲ್ಪ ಹೊತ್ತಿಗೆ ಬೆರಳ ನಡುವೆ ಅದು ಸಡಿಲವಾದದ್ದು ಗೊತ್ತಾಗುತ್ತದೆ. ಆಗ ಮೆಲ್ಲಗೆ ಎಳೆದರೆ ಇಡೀ ಹುಳು ಕೈಗೆ ಬರುತ್ತದೆ. ಮೊದಲ ಹತ್ತು ಹುಳು ತಪ್ಪಿಸಿಕೊಳ್ಳುತ್ತವೆ, ಬೇಜಾರು ಮಾಡಿಕೊಳ್ಳಬೇಡಿ.

ನಿದ್ದೆಗೆಡಲು ಇಷ್ಟವಿಲ್ಲದಿದ್ದರೆ ಸೋಮಾರಿಗಳ ದಾರಿಯೂ ಇದೆ. ನೆರಳಿರುವ ಕಡೆ ಮಣ್ಣಿನ ಮೇಲೆ ಒಣಗಿದ ಎಲೆ ಹರಡಿ, ಮೇಲೆ ನೆನೆಸಿದ ಗೋಣಿಚೀಲ ಅಥವಾ ರಟ್ಟು ಹಾಸಿ, ಆರದಂತೆ ನೋಡಿಕೊಳ್ಳಿ. ಕೆಲವು ದಿನ ಬಿಟ್ಟು ಎತ್ತಿದರೆ ಅಡಿಯಲ್ಲೇ ಸಿಗುತ್ತವೆ.

ನೆಲಕ್ಕೆ ಗೂಟ ಹೊಡೆದು ಉಜ್ಜಿ ಅದುರಿಸಿದರೆ ಹುಳು ಎದ್ದು ಬರುತ್ತವೆ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಹಿಡಿದು ಮಾರುವವರೇ ಇದ್ದಾರೆ. ನೆಲದೊಳಗೆ ಬಿಲ ತೋಡಿ ಹುಳು ತಿನ್ನುವ ಮೋಲ್ ಎಂಬ ಪ್ರಾಣಿ ಬಂತೆಂದು ಹೆದರಿ ಅವು ಮೇಲೆ ಓಡುತ್ತವೆ ಅಂತ 2008ರ ಒಂದು ಅಧ್ಯಯನ ತೋರಿಸಿತು. ಆದರೆ ಎಲ್ಲ ಕಡೆ ನಡೆಯುವುದಿಲ್ಲ. ಚಾರ್ಲ್ಸ್ ಡಾರ್ವಿನ್ ಹುಳು ತುಂಬಿದ್ದ ಜಾಗಗಳಲ್ಲೇ ನೆಲ ಬಡಿದು ನೋಡಿ, ಒಂದೂ ಬರಲಿಲ್ಲ ಅಂತ 1881ರಲ್ಲಿ ಬರೆದಿದ್ದಾರೆ. ನನ್ನ ಗೂಟಕ್ಕೂ ಅದೇ ಗತಿ ಆಯಿತು. ಸೋಪಿನ ನೀರು ಸುರಿಯಬೇಡಿ, ಹುಳು ಬೇಗ ಸಾಯುತ್ತವೆ. ನೆಲಕ್ಕೆ ಕರೆಂಟ್ ಕೊಡುವ ಹುಚ್ಚು ಕೆಲಸಕ್ಕಂತೂ ಕೈ ಹಾಕಲೇಬೇಡಿ, ಜನ ಪ್ರಾಣ ಕಳೆದುಕೊಂಡಿದ್ದಾರೆ. ಕೀಟನಾಶಕ ಹೊಡೆದ ಹುಲ್ಲಿನ ಕಡೆಯೂ ಹೋಗಬೇಡಿ.

ಈಗ ಇಟ್ಟುಕೊಳ್ಳುವ ವಿಷಯ. ಒಮ್ಮೆ ರಾತ್ರಿಯೆಲ್ಲಾ ಕೂತು ಡಬ್ಬಿ ತುಂಬಾ ಹಿಡಿದೆ. ಬಿಗಿ ಮುಚ್ಚಳ ಹಾಕಿ ಕಾರಿನಲ್ಲೇ ಬಿಟ್ಟೆ. ಮರುದಿನ ಮಧ್ಯಾಹ್ನ ತೆಗೆದರೆ ಹುಳುವೇ ಇಲ್ಲ, ಬರೀ ಲೋಳೆ, ಆ ನಾತ ಕಾರಿನಿಂದ ಹೋಗಲು ವಾರಗಟ್ಟಲೆ ಬೇಕಾಯಿತು. ಹುಳುವನ್ನು ಕೊಲ್ಲುವುದು ಬಿಸಿ, ಗಾಳಿ ಇಲ್ಲದಿರುವುದು, ಜೊತೆಗೆ ಸತ್ತ ಇನ್ನೊಂದು ಹುಳು. ಮುಚ್ಚಳಕ್ಕೆ ಸಣ್ಣ ತೂತು ಮಾಡಿ. ಒಳಗೆ ಹರಿದ ಪೇಪರ್, ಒಣಗಿದ ಎಲೆ, ಸ್ವಲ್ಪ ಮಣ್ಣು ಹಾಕಿ ನೀರು ಚಿಮುಕಿಸಿ. ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬಂದರೆ ಜಾಸ್ತಿಯಾಯಿತು. ತಂಪಾದ ಕತ್ತಲೆ ಮೂಲೆಯಲ್ಲಿಡಿ. ಡಬ್ಬಿಯಲ್ಲಿ ಕಿಕ್ಕಿರಿದು ತುಂಬಬೇಡಿ, ಹಿಡಿಯುವಾಗ ಗಾಯವಾದವನ್ನು ಬೇರೆ ಇಡಿ, ದಿನಕ್ಕೊಮ್ಮೆ ಕೈಯಾಡಿಸಿ ಸತ್ತದ್ದನ್ನು ತೆಗೆದುಹಾಕಿ.

ಇನ್ನೊಂದು. ಮೀನು ಹಿಡಿಯುವ ಎರಡು ಮೂರು ದಿನ ಮೊದಲು ಮಣ್ಣಿನಿಂದ ತೆಗೆದು ಒದ್ದೆ ಪಾಚಿಯಲ್ಲಿ (ನೀರಿನ ಲೋಳೆ ಪಾಚಿಯಲ್ಲ, ಕಲ್ಲು, ಮರದ ಮೇಲೆ ಮೆತ್ತೆಯ ಹಾಗೆ ಬೆಳೆಯುವುದು) ಇಟ್ಟುನೋಡಿ. ಹೊಟ್ಟೆಯಲ್ಲಿದ್ದ ಮಣ್ಣು ಖಾಲಿಯಾಗಿ ಮೈ ಗಟ್ಟಿಯಾಗುತ್ತದೆ, ಗಾಳ ಎಸೆದಾಗ ಕಳಚಿ ಬೀಳುವುದು ಕಡಿಮೆ.

ನೀರಿನ ಹತ್ತಿರ ಹೋದಾಗ ಐದಾರು ಹುಳು ಮಾತ್ರ ಸಣ್ಣ ಡಬ್ಬಿಗೆ ತೆಗೆದುಕೊಳ್ಳಿ, ದೊಡ್ಡ ಡಬ್ಬಿ ನೆರಳಲ್ಲೇ ಇರಲಿ. ಉಳಿದವನ್ನು ದಂಡೆಯಲ್ಲಿ ಚೆಲ್ಲಿ ಬರಬೇಡಿ. ಉತ್ತರ ಅಮೆರಿಕದ ಹಲವು ಕಾಡುಗಳಲ್ಲಿ ಮೊದಲು ಎರೆಹುಳುವೇ ಇರಲಿಲ್ಲ, ಹೀಗೆ ಗಾಳದವರು ಬಿಟ್ಟ ಹುಳುಗಳೂ ಸೇರಿಕೊಂಡು ಅಲ್ಲಿನ ತರಗೆಲೆಯ ಹಾಸನ್ನೇ ತಿಂದು ಮುಗಿಸುತ್ತಿವೆ. ಹಿಡಿದ ಜಾಗಕ್ಕೇ ವಾಪಸ್ ಬಿಡಿ, ಮುಂದಿನ ಮಳೆಗೆ ನಿಮಗೇ ಬೇಕಾಗುತ್ತವೆ ಅಲ್ವಾ?