ಎದುರಿನ ಅಂಗಡಿಗೆ ನಮ್ಮ ಸ್ಟಾಕ್ ಯಾಕೆ ಹೇಳಬೇಕು?

ಸಾಂಕ್ರಾಮಿಕ ರೋಗದ ಕಾಲದಲ್ಲಿ ಅಕ್ಕಪಕ್ಕದ ಔಷಧಿ ಅಂಗಡಿಗಳು ಮಾಹಿತಿ ಹಂಚಿಕೊಳ್ಳಬೇಕು ಎಂದು ನಾವು ಬರೆದದ್ದಕ್ಕೆ ನೀವು ಖಾರವಾಗಿಯೇ ಪತ್ರ ಹಾಕಿದ್ದೀರಿ. "ನನ್ನಲ್ಲಿ ಯಾವ ಮಾತ್ರೆ ಎಷ್ಟಿದೆ ಅಂತ ಎದುರಿನವರಿಗೆ ಯಾಕೆ ಹೇಳಲಿ? ಗಿರಾಕಿ ಅಲ್ಲಿಗೇ ಹೋಗಿಬಿಟ್ಟರೆ?" ಎಂದು ಕೇಳಿದ್ದೀರಿ. ಮೆಡಿಕಲ್ ಶಾಪ್ ನಡೆಸುವವರಿಗೆ ಬರಲೇಬೇಕಾದ ಪ್ರಶ್ನೆ ಇದು.

ಎಷ್ಟಿದೆ ಅಂತ ಹೇಳಬೇಕಿಲ್ಲ. ಏನು ಮುಗಿದಿದೆ ಅಂತ ಹೇಳಿದರೆ ಸಾಕು. ಇಲ್ಲದ ಮಾತ್ರೆಯಿಂದ ನಿಮಗೆ ಹೇಗೂ ವ್ಯಾಪಾರ ಇಲ್ಲ, ಅಲ್ವಾ? ಆದರೆ ಜ್ವರ, ಕೆಮ್ಮು ಇರುವ ಮನುಷ್ಯ ನಾಲ್ಕು ಕೌಂಟರ್ ಸುತ್ತುವ ಬದಲು ನೇರವಾಗಿ ಒಂದೇ ಕಡೆ ಹೋಗುತ್ತಾನೆ. ಉಳಿದ ಮೂರು ಕೌಂಟರ್‌ಗಳಲ್ಲಿ ಸೋಂಕು ಹರಡುವುದು ತಪ್ಪುತ್ತದೆ. ಅದರಲ್ಲಿ ನಿಮ್ಮದೂ ಒಂದಿರಬಹುದು.

2020ರ ಮಾರ್ಚ್ ನೆನಪಿಸಿಕೊಳ್ಳಿ. ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಆಗುತ್ತದೆ ಎಂಬ ಸುದ್ದಿ ಹಬ್ಬಿತು. ಎಷ್ಟೋ ದೇಶಗಳಲ್ಲಿ ಜನ ಮುಗಿಬಿದ್ದರು. ವರ್ಷಗಟ್ಟಲೆ ಅದೇ ಮಾತ್ರೆ ನುಂಗುತ್ತಿದ್ದ ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ರೋಗಿಗಳಿಗೆ ಅದು ಸಿಗದಂತಾಯಿತು. ಅಮೆರಿಕದ ಔಷಧ ನಿಯಂತ್ರಕರು ಮಾರ್ಚ್ 28ರಂದು ಕೊಟ್ಟ ತುರ್ತು ಅನುಮತಿಯನ್ನು ಜೂನ್ 15ಕ್ಕೆ ವಾಪಸ್ ಪಡೆದರು. ಇಂಥ ನೂಕುನುಗ್ಗಲು ಮೊದಲು ಕಾಣುವುದು ಕೌಂಟರ್‌ನಲ್ಲೇ. "ಇವತ್ತು ಬೆಳಿಗ್ಗೆಯಿಂದ ಇದನ್ನೇ ಕೇಳ್ತಿದಾರೆ, ಹಳೇ ರೋಗಿಗಳಿಗೆ ಸ್ವಲ್ಪ ಎತ್ತಿಡಿ" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಲು ಅರ್ಧ ನಿಮಿಷ ಸಾಕು. ಸುತ್ತೋಲೆ ಬರುವಷ್ಟರಲ್ಲಿ ಶೆಲ್ಫ್ ಖಾಲಿಯಾಗಿರುತ್ತದೆ.

ಹಂಚುವ ಸುದ್ದಿ ಸರಿಯಾಗಿರಬೇಕು, ಅದು ಬೇರೆ ಮಾತು. ಅದೇ ತಿಂಗಳು ಫ್ರಾನ್ಸಿನ ಆರೋಗ್ಯ ಸಚಿವರು ನೋವು, ಜ್ವರಕ್ಕೆ ಕೊಡುವ ಐಬುಪ್ರೊಫೆನ್ ಮಾತ್ರೆ ಕೋವಿಡ್ ಸೋಂಕನ್ನು ಜಾಸ್ತಿ ಮಾಡಬಹುದು ಎಂದರು. ಒಂದು ವಾರದೊಳಗೆ ವಿಶ್ವ ಆರೋಗ್ಯ ಸಂಸ್ಥೆ, ಅದನ್ನು ಬಳಸಬೇಡಿ ಎಂದು ತಾನು ಹೇಳುವುದಿಲ್ಲ ಎಂದು ಸ್ಪಷ್ಟಪಡಿಸಿತು. ನಡುವಿನ ಆ ಕೆಲವು ದಿನ ಕೌಂಟರ್‌ನಲ್ಲಿ ನಿಂತವರು ಏನು ಉತ್ತರ ಕೊಡಬೇಕಿತ್ತು? ನಾಲ್ಕು ಅಂಗಡಿಯವರು ಸೇರಿ ಒಂದೇ ಮೂಲ ನೋಡಿ, ಒಂದೇ ಉತ್ತರ ಕೊಟ್ಟಿದ್ದರೆ ಜನರ ಗೊಂದಲವಾದರೂ ಕಡಿಮೆಯಾಗುತ್ತಿತ್ತು.

ತೈವಾನಿನ ಕತೆ ನನಗೆ ಇಷ್ಟ. 2020ರ ಫೆಬ್ರವರಿ 6ರಿಂದ ಅಲ್ಲಿ ಔಷಧಿ ಅಂಗಡಿಗಳಲ್ಲಿ ಮಾಸ್ಕ್ ಪಡಿತರ ಶುರುವಾಯಿತು. ಯಾವ ಅಂಗಡಿಯಲ್ಲಿ ಎಷ್ಟಿದೆ ಎಂಬುದು ಆನ್‌ಲೈನ್ ನಕ್ಷೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಆದರೆ ಕೆಲವರು ಬೆಳಿಗ್ಗೆ ಟೋಕನ್ ಹಂಚಿ, ನಕ್ಷೆಯಲ್ಲಿ ಸ್ಟಾಕ್ ಇಳಿಸುವ ಆರೋಗ್ಯ ವಿಮಾ ಕಾರ್ಡ್ ನಮೂದನ್ನು ಆಮೇಲೆ ಮಾಡುತ್ತಿದ್ದರು. ನಕ್ಷೆ 'ಇದೆ' ಅನ್ನುತ್ತಿತ್ತು, ಹೋದವರಿಗೆ ಸಿಗುತ್ತಿರಲಿಲ್ಲ. ಅಂಗಡಿಯವರು ರೇಗಿದ ಮೇಲೆ ವ್ಯವಸ್ಥೆ ಬದಲಾಯಿತು. ಹಾಗಾಗಿ ನೀವು ಕಳಿಸುವ ಸಂದೇಶದಲ್ಲಿ ಸಮಯ ಹಾಕಿ. ಬೆಳಿಗ್ಗೆಯ 'ಸ್ಟಾಕ್ ಇದೆ' ಸಂಜೆಗೆ ಸುಳ್ಳಾಗಿರುತ್ತದೆ.

ಹಂಚಬಾರದ್ದೂ ಇದೆ. ರೋಗಿಯ ಹೆಸರು ಬೇಡವೇ ಬೇಡ. ಮಾತ್ರೆಯ ಹೆಸರು, ಪವರ್ ಸಾಕು. ಬೆಲೆಯನ್ನೂ ಮಾತಾಡಬೇಡಿ. ಸ್ಟಾಕ್ ವಿಚಾರಕ್ಕೆ ಸೇರಿದವರು ದರ ಒಪ್ಪಂದಕ್ಕೆ ಇಳಿದರೆ ಅದು ಸಹಾಯ ಅಲ್ಲ, ಹೆಚ್ಚಿನ ದೇಶಗಳಲ್ಲಿ ಕಾನೂನುಬಾಹಿರ. ಮಾತ್ರೆಯನ್ನೇ ಕೈಬದಲು ಕೊಡುವುದಾದರೆ ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಬರೆದೇ ಕೊಡಿ, ನಾಳೆ ಕಂಪನಿ ಆ ಬ್ಯಾಚ್ ವಾಪಸ್ ಕರೆಸಿಕೊಂಡರೆ ಹುಡುಕಲು ಬೇಕಲ್ಲ. ಇನ್ಸುಲಿನ್ ಆದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಪ್ಪಬಾರದು.

ಇನ್ನು ಗಿರಾಕಿ ಹೋಗಿಬಿಟ್ಟರೆ ಎಂಬ ಭಯ. ಕೆಲವರು ಹೋಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನಿಮಗೇ ಸೋಂಕು ತಗುಲಿ ಎರಡು ವಾರ ಬಾಗಿಲು ಹಾಕಬೇಕಾದರೆ, ನಿಮ್ಮ ಬಿಪಿ, ಶುಗರ್ ರೋಗಿಗಳನ್ನು ಯಾರಿಗೆ ಒಪ್ಪಿಸುತ್ತೀರಿ? ಅದನ್ನು ಎದುರಿನವರ ಜೊತೆ ಈಗಲೇ ಮಾತಾಡಿಕೊಳ್ಳಿ. ದೊಡ್ಡ ಕಂಪನಿಗಳ ಸರಣಿ ಅಂಗಡಿಗಳನ್ನು ಸೇರಿಸಿಕೊಳ್ಳಬೇಕೇ ಅಂತಲೂ ಕೇಳಿದ್ದೀರಿ. ಸೇರಿಸಿಕೊಳ್ಳಿ. ಅಲ್ಲಿ ಕೌಂಟರ್‌ನಲ್ಲಿರುವ ಫಾರ್ಮಸಿಸ್ಟ್‌ಗೆ ಸ್ಟಾಕ್ ಕೊಡುವ ಅಧಿಕಾರ ಇರಲಿಕ್ಕಿಲ್ಲ, ಆದರೆ ಏನು ಮುಗಿದಿದೆ ಅಂತ ಹೇಳಬಲ್ಲರು.

— ಸಂಪಾದಕ