ಮೂಲ ರಚನೆ ಜರ್ಮನಿಯಿಂದ ಬಂದದ್ದಾ?

"ಸಂವಿಧಾನದ ಮೂಲ ರಚನೆ ಅನ್ನೋದನ್ನು ನಮ್ಮ ಸುಪ್ರೀಂ ಕೋರ್ಟ್ ಜರ್ಮನಿಯಿಂದ ಎತ್ತಿಕೊಂಡಿತಾ?" ಅಂತ ಕೇಳಿದ್ದೀರಿ. ಅರ್ಧ ಹೌದು. (ಮೂಲ ರಚನೆ ಅಂದರೆ, ಸಂಸತ್ತು ತಿದ್ದುಪಡಿ ಮಾಡಿಯೂ ಕೆಡಿಸಲಾಗದ ಸಂವಿಧಾನದ ಮೂಲ ಅಂಶಗಳು.)

ಜರ್ಮನಿಯ 1949ರ ಸಂವಿಧಾನದಲ್ಲಿ 79(3)ನೇ ವಿಧಿ ಇದೆ. ಮನುಷ್ಯನ ಘನತೆ, ಪ್ರಜಾಪ್ರಭುತ್ವ, ಒಕ್ಕೂಟ ವ್ಯವಸ್ಥೆ ಇವನ್ನು ತಿದ್ದುಪಡಿಯಿಂದಲೂ ಮುಟ್ಟುವಂತಿಲ್ಲ ಅಂತ ಬರೆದೇ ಇಟ್ಟಿದ್ದಾರೆ. ಹಿಟ್ಲರ್ ಕಾಲ ಕಂಡವರು, ಹೆದರಿಕೆ ಸಹಜ ಅಲ್ವಾ? ಡೀಟರ್ ಕಾನ್ರಾಡ್ ಎಂಬ ಜರ್ಮನ್ ವಿದ್ವಾಂಸರು 1965ರಲ್ಲಿ ಬನಾರಸ್‌ನಲ್ಲಿ ಈ ಬಗ್ಗೆ ಮಾತಾಡಿದ್ದರು. ಅವರ ವಾದ ವಕೀಲರ ಮೂಲಕ ನಮ್ಮ ಕೋರ್ಟಿಗೂ ತಲುಪಿತು.

ಆದರೆ ಸಂವಿಧಾನ ತಿದ್ದುವ ಅಧಿಕಾರ ಕೊಡುವ ನಮ್ಮ 368ನೇ ವಿಧಿಯಲ್ಲಿ ಅಂಥ ಸಾಲೇ ಇಲ್ಲ. 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಆ ಅರ್ಥ ಕಂಡುಕೊಂಡಿತು, ಅದೂ 7–6ರಲ್ಲಿ. ಕೇಸು ಹಾಕಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು.

ಬರೆಯದ ಗೆರೆ ಎಳೆಯಲು ಜಡ್ಜ್‌ಗಳು ಯಾರು ಅನ್ನೋದೇ ಈಗಲೂ ಜಗಳ. 2015ರಲ್ಲಿ ಜಡ್ಜ್‌ಗಳನ್ನು ಆರಿಸಲು ನ್ಯಾಯಾಂಗ ನೇಮಕಾತಿ ಆಯೋಗ ತಂದಿದ್ದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ ಇದೇ ಆಧಾರದ ಮೇಲೆ ರದ್ದು ಮಾಡಿದಾಗ ಈ ಜಗಳ ಜಾಸ್ತಿಯಾಯಿತು. ನನಗೂ ಆ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ಆದರೆ 1975ರ 39ನೇ ತಿದ್ದುಪಡಿ ನೋಡಿ: ಪ್ರಧಾನಿಯ ಚುನಾವಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಗದಂತೆ ಮಾಡಿದ್ದರು. ಆ ಭಾಗ ಬಿದ್ದುಹೋದದ್ದು ಇದೇ ಮೂಲ ರಚನೆಯ ಆಧಾರದ ಮೇಲೆ.