ಬೈಕ್ ಬ್ಯಾಟರಿ ಪೂರ್ತಿ ಇಳಿದುಹೋಗಿದೆ, ಹೊಸದನ್ನೇ ಕೊಳ್ಳಬೇಕೇ? ಕೊಳ್ಳುವುದಾದರೆ ಯಾವುದು?

ಕೀಲಿಯನ್ನು ಪಾರ್ಕಿಂಗ್ ದೀಪದ ಸ್ಥಾನಕ್ಕೆ ತಿರುಗಿಸಿ ಎರಡು ದಿನ ಬೈಕ್ ಕಡೆ ತಲೆಹಾಕಲಿಲ್ಲ, ಈಗ ಸೆಲ್ಫ್ ಒತ್ತಿದರೆ ಟಕಟಕ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಕಿಕ್ಕರ್ ಇಲ್ಲದ ಇಂಜೆಕ್ಷನ್ (ಕಾರ್ಬ್ಯುರೇಟರ್ ಇಲ್ಲದ) ಬೈಕು, ಬ್ಯಾಟರಿಗೆ ಮೂರು ವರ್ಷವಾಗಿದೆ ಎಂದು ಬರೆದಿದ್ದೀರಿ. ಅಂಗಡಿಗೆ ಹೊರಡುವುದನ್ನು ಒಂದು ದಿನ ಮುಂದೂಡಿ. ಇಳಿದ ಬ್ಯಾಟರಿಗಳೆಲ್ಲ ಸತ್ತ ಬ್ಯಾಟರಿಗಳಲ್ಲ. ಆದರೆ ಚಾರ್ಜ್ ಹಾಕುವುದನ್ನು ಮಾತ್ರ ಇವತ್ತೇ ಮಾಡಿ.

ಆ ಪಾರ್ಕಿಂಗ್ ಸ್ಥಾನ ಬಹಳ ಜನರನ್ನು ಕೆಡವಿದೆ. ಹ್ಯಾಂಡಲ್ ಲಾಕ್ ಮಾಡುವಾಗ ಕೀಲಿ ಒಂದು ಹಲ್ಲು ಹೆಚ್ಚು ತಿರುಗಿದರೆ ಸಾಕು, ಕೀಲಿ ಸಲೀಸಾಗಿ ಕೈಗೆ ಬರುತ್ತದೆ, ಹಿಂದಿನ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಹಗಲು ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಮುಂದೊಂದು, ಹಿಂದೊಂದು 5 ವ್ಯಾಟ್ ಬಲ್ಬ್ ಎಂದುಕೊಂಡರೂ ಒಟ್ಟು 10 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ ಸುಮಾರು 0.8 ಆಂಪಿಯರ್. 8 ಆಂಪಿಯರ್-ಅವರ್ ಬ್ಯಾಟರಿ, ಅಂದರೆ ಒಂದು ಆಂಪಿಯರ್‌ನಂತೆ ಎಂಟು ಗಂಟೆ ಕೊಡುವಷ್ಟು ಸಂಗ್ರಹ ಇರುವುದು, ಹತ್ತು ಗಂಟೆಯಲ್ಲಿ ಬರಿದು. ಕಿಲ್ ಸ್ವಿಚ್ ಒತ್ತಿ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಆನ್‌ನಲ್ಲೇ ಮರೆತುಹೋಗುವವರ ಕತೆ ಇನ್ನೂ ಬೇಗ ಮುಗಿಯುತ್ತದೆ. 55 ವ್ಯಾಟ್ ಹೆಡ್‌ಲೈಟ್ ಅದೇ ಬ್ಯಾಟರಿಯನ್ನು ಎರಡು ಗಂಟೆಯೊಳಗೆ ಕುಡಿದುಬಿಡುತ್ತದೆ.

ಇವತ್ತೇ ಎಂದು ನಾನು ಅವಸರಪಡಿಸಲು ಕಾರಣವಿದೆ. ಸೀಸ-ಆಮ್ಲ ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಹೊಸದಾಗಿ ಕೂತ ಸಲ್ಫೇಟ್ ನುಣುಪಾದ ಪುಡಿ, ಚಾರ್ಜ್ ಹಾಕಿದರೆ ಮತ್ತೆ ಕರಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಹಾಗೆಯೇ ವಾರಗಟ್ಟಲೆ ಬಿಟ್ಟರೆ ಅದು ದಪ್ಪ ಹರಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಆ ಭಾಗ ಕೆಲಸಕ್ಕೆ ಬಾರದು. ಹಾಗಾಗಿ ಎಷ್ಟು ಇಳಿಯಿತು ಎನ್ನುವುದಕ್ಕಿಂತ ಇಳಿದ ಮೇಲೆ ಎಷ್ಟು ದಿನ ಬಿಟ್ಟಿರಿ ಎನ್ನುವುದು ಮುಖ್ಯ. ಸೆಲ್ಫ್ ತಿರುಗಿಸಲೆಂದೇ ತೆಳು ಫಲಕಗಳಿಂದ ಮಾಡಿದ ಈ ಬ್ಯಾಟರಿಗಳು ಪೂರ್ತಿ ಬರಿದಾಗುವುದನ್ನು ಪದೇ ಪದೇ ತಾಳುವುದಿಲ್ಲ ಎನ್ನುವುದೂ ನಿಜ. ಒಮ್ಮೆ ಆದರೆ ಹೆಚ್ಚಿನವು ಬದುಕಿಕೊಳ್ಳುತ್ತವೆ.

ಚಾರ್ಜ್ ಹಾಕುವಾಗ ಕರೆಂಟ್ ಕಡಿಮೆ ಇರಲಿ. ಆಂಪಿಯರ್-ಅವರ್ ಅಂಕಿಯ ಹತ್ತನೇ ಒಂದು ಭಾಗ ಎನ್ನುವುದು ಹಳೆಯ ಲೆಕ್ಕ, ಈಗಲೂ ಸರಿಯಾದ ಲೆಕ್ಕ. 8 ಆಂಪಿಯರ್-ಅವರ್ ಬ್ಯಾಟರಿಗೆ 0.8 ಆಂಪಿಯರ್. ಕಾರು, ಲಾರಿ ಬ್ಯಾಟರಿಗಳಿಗೆ ಇಟ್ಟುಕೊಂಡ ದೊಡ್ಡ ಚಾರ್ಜರ್‌ಗೆ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಕೊಡುತ್ತೇನೆ ಎನ್ನುವವರಿಗೆ ಬ್ಯಾಟರಿ ಕೊಡಬೇಡಿ. ಫಲಕಗಳು ಬಿಸಿಯಾಗಿ ಬಾಗುತ್ತವೆ, ಸೀಲ್ಡ್ ಬ್ಯಾಟರಿಯಾದರೆ ಒಳಗಿನ ನೀರಿನಂಶ ಕವಾಟದಿಂದ ಹೊರಹೋಗುತ್ತದೆ, ಅದನ್ನು ಮತ್ತೆ ತುಂಬಲು ದಾರಿಯಿಲ್ಲ. ಕೆಲವು ಸ್ವಯಂಚಾಲಿತ ಚಾರ್ಜರ್‌ಗಳು ತೀರಾ ಇಳಿದ ಬ್ಯಾಟರಿಯನ್ನು ಗುರುತಿಸುವುದೇ ಇಲ್ಲ, ದೀಪ ಮಿನುಗಿಸಿ ಸುಮ್ಮನಾಗುತ್ತವೆ. ಅದನ್ನು ನೋಡಿ ಬ್ಯಾಟರಿ ಹೋಯಿತು ಎಂದು ತೀರ್ಮಾನಿಸಬೇಡಿ. ಸ್ಥಿರ ಕರೆಂಟ್ ಕೊಡುವ ಸಾದಾ ಚಾರ್ಜರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ವೋಲ್ಟೇಜ್ ಮೇಲೇರಿದ ನಂತರ ಸ್ವಯಂಚಾಲಿತ ಚಾರ್ಜರ್‌ಗೆ ಬದಲಿಸಿದರೆ ಅದು ಒಪ್ಪಿಕೊಳ್ಳುತ್ತದೆ. ಗಾಳಿಯಾಡುವ ಜಾಗದಲ್ಲೇ ಈ ಕೆಲಸ ಮಾಡಿ, ಹೈಡ್ರೋಜನ್ ಹೊರಬರುತ್ತದೆ. ಪೆಟ್ಟಿಗೆ ಉಬ್ಬಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ, ಆ ಬ್ಯಾಟರಿಯ ಆಸೆ ಬಿಡಿ.

ತಳ್ಳಿ ಸ್ಟಾರ್ಟ್ ಮಾಡಬಹುದೇ ಎಂದೂ ಕೇಳಿದ್ದೀರಿ. ಇಂಜೆಕ್ಷನ್ ಬೈಕಿನಲ್ಲಿ ಪೆಟ್ರೋಲ್ ಪಂಪ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಎರಡಕ್ಕೂ ವಿದ್ಯುತ್ ಬೇಕು, ಮೀಟರ್‌ನ ದೀಪವೇ ಹತ್ತದಷ್ಟು ಬ್ಯಾಟರಿ ಇಳಿದಿದ್ದರೆ ತಳ್ಳಿದವರ ಬೆವರಷ್ಟೇ ಲಾಭ. ಕಾರಿನ ಬ್ಯಾಟರಿಗೆ ತಂತಿ ಜೋಡಿಸಿ ಜಂಪ್ ಕೊಡುವುದಾದರೆ ಕಾರಿನ ಎಂಜಿನ್ ಆಫ್ ಇರಲಿ. ಹಾಗೆ ಸ್ಟಾರ್ಟ್ ಆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಐಡಲ್‌ನಲ್ಲಿ ಬೈಕಿನ ಚಾರ್ಜಿಂಗ್ ವ್ಯವಸ್ಥೆ ಹೆಡ್‌ಲೈಟ್, ಪಂಪ್‌ಗಳನ್ನು ಸಾಕುವುದೇ ಹೆಚ್ಚು. ಮೂರು ಕಿಲೋಮೀಟರ್ ಓಡಿಸಿ ಬಂದರೆ ಬರಿದಾದ ಬ್ಯಾಟರಿ ತುಂಬುವುದಿಲ್ಲ.

ಪೂರ್ತಿ ಚಾರ್ಜ್ ಆದ ಮೇಲೆ ತಂತಿ ಬಿಚ್ಚಿ, ಬ್ಯಾಟರಿಯನ್ನು ಒಂದು ರಾತ್ರಿ ಸುಮ್ಮನೆ ಬಿಡಿ. ತೀರ್ಪು ಸಿಗುವುದು ಮರುದಿನ. ಚಾರ್ಜರ್ ತೆಗೆದ ತಕ್ಷಣ ಮಲ್ಟಿಮೀಟರ್ ತೋರಿಸುವ 13 ವೋಲ್ಟ್‌ಗೂ ಮೇಲಿನ ಅಂಕಿ ಮೇಲ್ಮೇಲಿನದು, ಅದನ್ನು ನಂಬಬೇಡಿ. ಬೆಳಿಗ್ಗೆ 12.6 ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯ ಸುದ್ದಿ. ಸೀಲ್ಡ್ ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಳೆಗಳು ಹೀರಿಟ್ಟುಕೊಂಡಿರುವ ಬಗೆ) ಆದರೆ 12.8ರ ಸುತ್ತ ಇರಬೇಕು. 12.2ಕ್ಕೆ ಇಳಿದಿದ್ದರೆ ಅರ್ಧವಷ್ಟೇ ಉಳಿದಿದೆ ಎಂದರ್ಥ. ಎಷ್ಟು ಚಾರ್ಜ್ ಮಾಡಿದರೂ 10.5ರ ಹತ್ತಿರವೇ ಬಂದು ಕೂರುತ್ತಿದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಏಕೆಂದರೆ ಒಂದೊಂದು ಸೆಲ್‌ನ ಪಾಲು ಸುಮಾರು 2.1 ವೋಲ್ಟ್. ಇಷ್ಟಾದ ಮೇಲೆ ಮೀಟರಿನ ಕಡ್ಡಿಗಳನ್ನು ಟರ್ಮಿನಲ್‌ಗೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಒತ್ತಿಸಿ. ಅಂಕಿ ಒಮ್ಮೆ ಕುಸಿಯುತ್ತದೆ. 10ರ ಮೇಲೆ ನಿಂತರೆ ನಿಶ್ಚಿಂತೆ, 9ಕ್ಕಿಂತ ಕೆಳಗೆ ಜಾರಿದರೆ ನಿಂತಾಗಿನ 12.6 ಬರೀ ತೋರಿಕೆ. ಮೂರು ವರ್ಷದ ನಿಮ್ಮ ಬ್ಯಾಟರಿ ಈ ಎರಡೂ ಪರೀಕ್ಷೆಗಳನ್ನು ದಾಟಿದರೆ ನಾನಾಗಿದ್ದರೆ ಅದನ್ನೇ ಓಡಿಸುತ್ತೇನೆ, ದೂರದ ಪ್ರಯಾಣಕ್ಕೆ ಮಾತ್ರ ಅದನ್ನು ನಂಬಿ ಹೊರಡುವುದಿಲ್ಲ.

ದಾಟಲಿಲ್ಲವೆಂದರೆ ಹೊಸದು ಬೇಕು. ಹೊಸದು ಕೂರಿಸಿದ ದಿನವೇ ಎಂಜಿನ್ ಓಡಿಸಿ, 4000–5000 ಆರ್‌ಪಿಎಂನಲ್ಲಿ ಟರ್ಮಿನಲ್‌ಗಳ ನಡುವೆ ಅಳೆಯಿರಿ. 13.5ರಿಂದ 14.5ರೊಳಗೆ ಇರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಅದು ಹೊಸ ಬ್ಯಾಟರಿಯನ್ನೂ ಬೇಯಿಸಿಹಾಕುತ್ತದೆ. 13ಕ್ಕಿಂತ ಮೇಲೇಳದಿದ್ದರೆ ಚಾರ್ಜೇ ಆಗುತ್ತಿಲ್ಲ. ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸಿ ಕಂಪನಿಯನ್ನು ಬೈಯುವವರಲ್ಲಿ ಅನೇಕರು ಈ ಐದು ನಿಮಿಷದ ಕೆಲಸ ಮಾಡಿರುವುದಿಲ್ಲ.

ಇನ್ನು ಆಯ್ಕೆಯ ವಿಷಯ. ಯಾವ ಕಂಪನಿ ಎಂದು ನೀವು ಕೇಳುತ್ತೀರಿ, ನಾನು ಮೊದಲು ನೋಡುವುದು ತಯಾರಿಕೆಯ ದಿನಾಂಕ. ಒಳ್ಳೆಯ ಹೆಸರಿನ ಬ್ಯಾಟರಿ ಅಂಗಡಿಯ ಕಪಾಟಿನಲ್ಲಿ ಒಂದು ವರ್ಷ ಚಾರ್ಜ್ ಇಲ್ಲದೆ ಕೂತಿದ್ದರೆ, ನಿಮ್ಮದಕ್ಕೆ ಎರಡು ದಿನದಲ್ಲಿ ಬಂದ ಗತಿ ಅದಕ್ಕೆ ನಿಧಾನವಾಗಿ ಬಂದಿರುತ್ತದೆ. ಆಮ್ಲ ತುಂಬಿಯೇ ಬಂದ ಬ್ಯಾಟರಿಯಾದರೆ ಕೌಂಟರಿನ ಮೇಲೇ ಮಲ್ಟಿಮೀಟರ್ ಇಡಲು ಹೇಳಿ. 12.5ಕ್ಕಿಂತ ಕಡಿಮೆ ತೋರಿಸಿದರೆ ಬೇರೆ ತೋರಿಸಿ ಎನ್ನಲು ಸಂಕೋಚ ಬೇಡ.

ಆಮೇಲೆ ಸಂಕೇತ. ಹಳೆಯ ಬ್ಯಾಟರಿಯ ಮೇಲಿರುವ ಅಕ್ಷರ, ಅಂಕಿಗಳನ್ನು ಒಂದೂ ಬಿಡದೆ ಬರೆದುಕೊಂಡು ಹೋಗಿ. ಅದರೊಳಗಿನ ಅಂಕಿಯೇ ಆಂಪಿಯರ್-ಅವರ್ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ವೈಟಿಎಕ್ಸ್9-ಬಿಎಸ್ 8 ಆಂಪಿಯರ್-ಅವರ್‌ನದು, ವೈಟಿಎಕ್ಸ್14-ಬಿಎಸ್ 12ರದು. ಕೊನೆಯ ಬಿಎಸ್ ಎಂದರೆ ಆಮ್ಲ ಬೇರೆ ಬಾಟಲಿಯಲ್ಲಿ ಬರುತ್ತದೆ ಎಂದು. ನಡುವೆ ಎಲ್ ಎಂಬ ಅಕ್ಷರ ಇದೆಯೋ ಇಲ್ಲವೋ ಎನ್ನುವುದೂ ಮುಖ್ಯ, ಪಾಸಿಟಿವ್ ಯಾವ ಬದಿಗೆ ಬರುತ್ತದೆ ಎನ್ನುವುದು ಅದರಲ್ಲಿದೆ. ತಪ್ಪಿದರೆ ಬೈಕಿನ ಗಿಡ್ಡ ತಂತಿ ಟರ್ಮಿನಲ್‌ವರೆಗೆ ಎಟುಕುವುದಿಲ್ಲ. ದೊಡ್ಡದು ಹಾಕಿದರೆ ಒಳ್ಳೆಯದು ಎಂಬ ಮಾತಿಗೂ ಹೆಚ್ಚು ಬೆಲೆ ಕೊಡಬೇಡಿ, ಪೆಟ್ಟಿಗೆಯ ಅಳತೆಯೇ ಮಿತಿ ಹಾಕುತ್ತದೆ. ಒಂದೇ ಅಳತೆಯ ಎರಡು ಬ್ಯಾಟರಿಗಳು ಸಿಕ್ಕಾಗ ಸಿಸಿಎ ಅಂಕಿ ಹೋಲಿಸಿ: ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ 7.2 ವೋಲ್ಟ್‌ಗಿಂತ ಕೆಳಗಿಳಿಯದೆ 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಲೆಕ್ಕ ಅದು. ಇನ್ನೊಂದು ಒರಟು ಪರೀಕ್ಷೆ, ಎರಡನ್ನೂ ಕೈಯಲ್ಲಿ ತೂಗಿ ನೋಡುವುದು. ಅನುಮಾನಾಸ್ಪದವಾಗಿ ಹಗುರವಾಗಿದ್ದರೆ ಒಳಗೆ ಸೀಸ ಕಡಿಮೆ ಇದೆ.

ನೀರು ಹಾಕುವ ಹಳೆಯ ಮಾದರಿ, ಸೀಲ್ಡ್ ಎಜಿಎಂ, ಲಿಥಿಯಂ ಈ ಮೂರರಲ್ಲಿ ನಿಮಗೆ ನನ್ನ ಶಿಫಾರಸು ಎಜಿಎಂ. ನೀರು ನೋಡುತ್ತಿರಬೇಕಿಲ್ಲ, ಕುಲುಕಾಟ ತಾಳುತ್ತದೆ, ಸುಮ್ಮನೆ ನಿಂತಾಗ ಕಡಿಮೆ ಇಳಿಯುತ್ತದೆ. ಅಂಗಡಿಗಳಲ್ಲಿ ಇದನ್ನೇ ಜೆಲ್ ಎಂದು ಕರೆಯುವುದುಂಟು, ಜೆಲ್ ಬೇರೆಯದೇ ಜಾತಿ. ಲಿಥಿಯಂ ಹೂವಿನಷ್ಟು ಹಗುರ ನಿಜ, ಆದರೆ ಚಳಿಯಲ್ಲಿ ಮಂದ, ಅದಕ್ಕೆ ಹೊಂದುವ ಚಾರ್ಜರ್ ಬೇಕು. ಲಿಥಿಯಂ ಬ್ಯಾಟರಿಯ ಮೈಮೇಲೆ ಬರೆದಿರುವ ‘ಸೀಸಕ್ಕೆ ಸಮಾನ’ ಎಂಬ ಆಂಪಿಯರ್-ಅವರ್ ಸ್ಟಾರ್ಟ್ ಮಾಡುವ ಶಕ್ತಿಗೆ ಸಂಬಂಧಿಸಿದ್ದು. ನಿಜವಾದ ಸಂಗ್ರಹ ಅದಕ್ಕಿಂತ ಬಹಳ ಕಡಿಮೆ. ದೀಪ ಮರೆತು ಹೋಗುವ ಸಾಧ್ಯತೆ ಇರುವ ಬೈಕಿಗೆ ಅದು ಸರಿಯಾದ ಜೊತೆಯಲ್ಲ.

ಆಮ್ಲದ ಬಾಟಲಿಯ ಜೊತೆ ಬರುವುದನ್ನು ತಂದರೆ, ತುಂಬಿದ ಕೂಡಲೇ ಬೈಕಿಗೆ ಕೂರಿಸುವ ಚಾಳಿ ಬೇಡ. ಕನಿಷ್ಠ ಅರ್ಧ ಗಂಟೆ ಫಲಕಗಳು ಹೀರಿಕೊಳ್ಳಲಿ, ಆಮೇಲೆ ಮೊದಲ ಚಾರ್ಜ್ ಪೂರ್ತಿ ಆಗಲಿ. ಅದನ್ನು ಬಿಟ್ಟರೆ ಬ್ಯಾಟರಿ ಬದುಕಿಡೀ ಪೂರ್ಣ ಶಕ್ತಿ ಮುಟ್ಟದೆ ಉಳಿಯಬಹುದು. ಬಿಚ್ಚುವಾಗ ಮೊದಲು ನೆಗೆಟಿವ್, ಕೂರಿಸುವಾಗ ಮೊದಲು ಪಾಸಿಟಿವ್. ಈ ಕ್ರಮ ತಪ್ಪಿ ಸ್ಪ್ಯಾನರ್ ಪಾಸಿಟಿವ್‌ನಿಂದ ಚಾಸಿಸ್‌ಗೆ ತಗುಲಿದರೆ ಕಿಡಿ ಹಾರುತ್ತದೆ. ಟರ್ಮಿನಲ್‌ನೊಳಗೆ ಒಂದು ಚೌಕ ನಟ್ಟು ಸಡಿಲವಾಗಿ ಕೂತಿರುತ್ತದೆ. ಬೋಲ್ಟ್ ತಾಗಿಸಿದೊಡನೆ ಅದು ಕೆಳಗೆ ಜಾರಿ, ಬೋಲ್ಟ್ ಖಾಲಿ ತಿರುಗುತ್ತಲೇ ಇರುತ್ತದೆ. ನಟ್ಟಿನ ಅಡಿಗೆ ಸ್ಪಂಜಿನ ಸಣ್ಣ ತುಂಡೊಂದನ್ನು ತುರುಕಿ ಮೇಲೆತ್ತಿ ಹಿಡಿದರೆ ಒಂದೇ ಏಟಿಗೆ ಹಿಡಿಯುತ್ತದೆ. ಹೊಸದು ಸರಿಯಾಗಿ ಕೂತು ಎಂಜಿನ್ ಹತ್ತುವವರೆಗೆ ಹಳೆಯದನ್ನು ಅಂಗಡಿಗೆ ವಾಪಸ್ ಕೊಡಬೇಡಿ. ಟರ್ಮಿನಲ್‌ನ ಬದಿ, ಎತ್ತರ ಹೋಲಿಸಲು ಅದು ಪಕ್ಕದಲ್ಲೇ ಇರಬೇಕಾಗುತ್ತದೆ.